ಮನೆಯಲ್ಲೇ ಓದಿದ ಮಕ್ಕಳಿಗೆ ಕಾಲೇಜು ಸೀಟು: ಅಂಕಕ್ಕಿಂತ ಮೊದಲು ವ್ಯಾಸಂಗ ಪ್ರಮಾಣಪತ್ರದ ಪ್ರಶ್ನೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ 13 ವರ್ಷ. ನಾಲ್ಕನೇ ತರಗತಿಯವರೆಗೆ ತೀರ್ಥಹಳ್ಳಿ ತಾಲ್ಲೂಕಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಓದಿದಳು. ಆನಂತರ ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತಿದ್ದೇವೆ. ಅವಳ ಕಲಿಕೆಯ ಬಗ್ಗೆ ನನಗಾಗಲಿ ನನ್ನ ಯಜಮಾನರಿಗಾಗಲಿ ಆತಂಕವಿಲ್ಲ. ಗಣಿತದಲ್ಲೂ ಜೀವಶಾಸ್ತ್ರದಲ್ಲೂ ತನ್ನ ವಯಸ್ಸಿನವರಿಗಿಂತ ಮುಂದೆಯೇ ಇದ್ದಾಳೆ. ಕೊಟ್ಟಿಗೆಯ ದನಕರುಗಳ ನಡುವೆಯೇ ಬೆಳೆದವಳಾದ್ದರಿಂದ ಪಶುವೈದ್ಯೆ ಆಗಬೇಕೆಂಬ ಆಸೆ ಬೇರೂರಿದೆ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜನ್ನು ಒಮ್ಮೆ ಹೊರಗಿನಿಂದ ನೋಡಿಕೊಂಡೂ ಬಂದಿದ್ದಾಳೆ.

ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್ ಮೂಲಕ ಹತ್ತನೆಯದನ್ನೂ ಹನ್ನೆರಡನೆಯದನ್ನೂ ಮುಗಿಸಿ, ವೃತ್ತಿಪರ ಕೋರ್ಸುಗಳ ರಾಜ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ಬರೆಸಿದರಾಯಿತು ಎಂದುಕೊಂಡಿದ್ದೆವು. ಆದರೆ ಕಳೆದ ವಾರ ನೆಂಟರೊಬ್ಬರು, ಹಾಗೆ ಓದಿದ ಮಕ್ಕಳಿಗೆ ಸರ್ಕಾರಿ ಸೀಟು ಸಿಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಕಾರಣ ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಈ ದಾರಿಯಲ್ಲಿ ನಡೆದು ಕಾಲೇಜು ಸೇರಿದವರು, ಅಥವಾ ನಿಯಮ ಬಲ್ಲವರು ದಯವಿಟ್ಟು ತಿಳಿಸಿ. ಶಾಲೆ ಬಿಡಿಸಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡವೆಂದು ವಿನಂತಿ, ಅದು ನಮ್ಮ ಮನೆಯಲ್ಲಿ ಸಾಕಷ್ಟು ಆಗಿದೆ.

ಜಯನಗರದ ತಂದೆ

ಮೇಡಂ, ನಿಮ್ಮ ನೆಂಟರ ಮಾತು ಅರ್ಧ ಮಾತ್ರ ನಿಜ. ನನ್ನ ಮಗ ಏಳನೇ ತರಗತಿಯ ನಂತರ ಶಾಲೆಗೆ ಹೋಗಲಿಲ್ಲ. ಎರಡು ಪರೀಕ್ಷೆಗಳನ್ನೂ ಎನ್‌ಐಒಎಸ್‌ನಲ್ಲೇ ಬರೆದು, ಈಗ ಬೆಂಗಳೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರ ಎರಡನೇ ವರ್ಷದಲ್ಲಿದ್ದಾನೆ. ಎನ್‌ಐಒಎಸ್ ಎಂದರೆ ಕೇಂದ್ರ ಸರ್ಕಾರ 1989ರಲ್ಲಿ ಸ್ಥಾಪಿಸಿದ ಮಂಡಳಿ, ಯಾವುದೋ ಟ್ಯುಟೋರಿಯಲ್ ಸಂಸ್ಥೆಯಲ್ಲ. ಅದರ ಪ್ರಮಾಣಪತ್ರಕ್ಕೆ ಸಿಬಿಎಸ್‌ಇ ಪ್ರಮಾಣಪತ್ರದಷ್ಟೇ ಮಾನ್ಯತೆಯಿದೆ. ಎಂಜಿನಿಯರಿಂಗ್‌ಗೆ ಇರುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಜೆಇಇ ಮೇನ್ ಬರೆಯುವುದಕ್ಕೂ ಅಡ್ಡಿಯಿಲ್ಲ, ಹನ್ನೆರಡನೆಯದರಲ್ಲಿ ಕನಿಷ್ಠ ಐದು ವಿಷಯಗಳಲ್ಲಿ ತೇರ್ಗಡೆಯಾಗಿರಬೇಕು ಅಷ್ಟೇ. ನಾವು ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್‌ಕೆ ಪರೀಕ್ಷೆಯ ಮೂಲಕ ಸೀಟು ಪಡೆದೆವು. ಅಲ್ಲಿ ಮಗು ಎಲ್ಲಿ, ಎಷ್ಟು ವರ್ಷ ಓದಿತು ಎಂದು ಕೇಳುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ನಿಗದಿತ ಅಂಕ ಮತ್ತು ಅವರ ಪರೀಕ್ಷೆಯ ರ‍್ಯಾಂಕ್ ಇದ್ದರೆ ಸಾಕು. ಶುಲ್ಕ ಮಾತ್ರ ಸರ್ಕಾರಿ ಸೀಟಿನದಕ್ಕಿಂತ ಎಷ್ಟೋ ಹೆಚ್ಚು.

ಧೈರ್ಯಗೆಡಬೇಡಿ. 2016ರಲ್ಲಿ ಮುಂಬೈನ ಹುಡುಗಿಯೊಬ್ಬಳು, ಮನೆಯಲ್ಲೇ ಓದಿದವಳು, 17ನೇ ವಯಸ್ಸಿಗೆ ಅಮೆರಿಕದ ಎಂಐಟಿಗೆ ಆಯ್ಕೆಯಾದದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. 2010ರಲ್ಲಿ ದೆಹಲಿಯ 14 ವರ್ಷದ ಹುಡುಗನೊಬ್ಬ, ತಾಯಿಯಿಂದಲೇ ಪಾಠ ಹೇಳಿಸಿಕೊಂಡವನು, ಐಐಟಿ ಪ್ರವೇಶ ಪರೀಕ್ಷೆಯಲ್ಲಿ ದೇಶಕ್ಕೆ 33ನೆಯವನಾಗಿ ಬಂದಿದ್ದ.

ಲೆಕ್ಕದ ಮೇಷ್ಟ್ರು

ನಾನು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಸಿಇಟಿ ದಾಖಲಾತಿ ಪರಿಶೀಲನೆಯ ದಿನಗಳಲ್ಲಿ ನಮ್ಮ ಮಕ್ಕಳ ಜೊತೆ ಹೋಗಿ ಸರದಿಯಲ್ಲಿ ನಿಂತ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಜಯನಗರದವರು ಹೇಳಿದ ಎರಡು ಉದಾಹರಣೆಗಳನ್ನು ಪೂರ್ತಿಯಾಗಿ ಹೇಳಬೇಕು. ಎಂಐಟಿಗೆ ಹೋದ ಹುಡುಗಿ ಕಂಪ್ಯೂಟರ್ ಪ್ರೋಗ್ರಾಮಿಂಗ್‌ನ ಅಂತರರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ಮೂರು ಬಾರಿ ಪದಕ ಪಡೆದವಳು. ಅಷ್ಟಿದ್ದೂ ಹನ್ನೆರಡನೇ ತರಗತಿಯ ಅಂಕಪಟ್ಟಿ ಇಲ್ಲದ್ದರಿಂದ ಐಐಟಿಯ ಬಾಗಿಲು ಅವಳಿಗೆ ತೆರೆದಿರಲಿಲ್ಲ ಎಂಬುದೂ ಅದೇ ವರದಿಗಳಲ್ಲಿ ಇತ್ತು. ಐಐಟಿ ಸೇರಿದ ಹುಡುಗನಾದರೋ ಹನ್ನೆರಡನೆಯದನ್ನು ಶಾಲೆಯೊಂದರ ಮೂಲಕ ಬರೆದಿದ್ದ. ನಮ್ಮ ದೇಶದಲ್ಲಿ ಪ್ರತಿಭೆಯ ಬೆಲೆ ಕಟ್ಟುವುದು ಎರಡನೆಯ ಹಂತ. ಅರ್ಜಿ ಹಾಕುವ ಹಕ್ಕು ಇದೆಯೇ ಎಂದು ಕಾಗದ ನೋಡಿ ತೀರ್ಮಾನಿಸುವುದು ಮೊದಲ ಹಂತ. ಮನೆಯಲ್ಲಿ ಓದಿದ ಮಕ್ಕಳು ಎಡವುವುದು ಈ ಮೊದಲ ಹಂತದಲ್ಲಿ.

ತುಂಗಾತೀರದ ತಾಯಿಯವರೇ, ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಸಿಇಟಿ ಬರೆಯುವುದು ಬೇರೆ, ಸಿಇಟಿಯ ಮೂಲಕ ಸರ್ಕಾರಿ ಸೀಟಿಗೆ ಅರ್ಹರಾಗುವುದು ಬೇರೆ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಮೊದಲನೆಯದೇ ಇದು: ಅಭ್ಯರ್ಥಿಯು ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯ ತನಕದ ಅವಧಿಯಲ್ಲಿ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದ ಮಾನ್ಯತೆ ಪಡೆದ ವಿದ್ಯಾಸಂಸ್ಥೆಗಳಲ್ಲಿ ಓದಿರಬೇಕು, ಜೊತೆಗೆ ಹತ್ತನೆಯದನ್ನು ಅಥವಾ ಹನ್ನೆರಡನೆಯದನ್ನು ಇಲ್ಲಿಂದಲೇ ಪಾಸು ಮಾಡಿರಬೇಕು. ಅದಕ್ಕೆ ಪುರಾವೆಯಾಗಿ ಶಾಲೆಯ ಮುಖ್ಯಸ್ಥರು ಕೊಟ್ಟು ಕ್ಷೇತ್ರ ಶಿಕ್ಷಣಾಧಿಕಾರಿಗಳು (ಬಿಇಒ) ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ ಬೇಕು. ನಿಮ್ಮ ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ, ಜಗಲಿಯಲ್ಲಿ ಅವಳು ಎಷ್ಟೇ ಚೆನ್ನಾಗಿ ಓದಿರಲಿ, ಆ ವರ್ಷಗಳಿಗೆ ಮೇಲುಸಹಿ ಮಾಡುವ ಅಧಿಕಾರಿ ಯಾರೂ ಇಲ್ಲ. ಎನ್‌ಐಒಎಸ್‌ನಲ್ಲಿ ನೋಂದಾಯಿಸಿಕೊಂಡ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ವಾದಿಸಬಹುದು. ಹಾಗೆ ವಾದ ಮಾಡಿಕೊಂಡು ಕೌನ್ಸೆಲಿಂಗ್ ಸಮಯದಲ್ಲಿ ಮಲ್ಲೇಶ್ವರದ ಕಚೇರಿಗೆ ಅಲೆಯುವಂತಾಗಲಿ ಎಂದು ನಾನು ಯಾರಿಗೂ ಸಲಹೆ ಕೊಡಲಾರೆ.

ನಿಮ್ಮ ಮಗಳ ಲೆಕ್ಕ ಹೀಗಾಗುತ್ತದೆ. ಒಂದರಿಂದ ನಾಲ್ಕು, ನಾಲ್ಕು ವರ್ಷ. ಹನ್ನೆರಡರ ತನಕ ಎನ್‌ಐಒಎಸ್ ಆದರೆ ಅಷ್ಟಕ್ಕೇ ನಿಂತಿತು. ಹತ್ತನೆಯದು ಮಾತ್ರ ಎನ್‌ಐಒಎಸ್‌ನಲ್ಲಿ ಮುಗಿಸಿ, ಪಿಯುಸಿಗೆ ಕಾಲೇಜು ಸೇರಿದರೆ ಆರು. ಒಂದು ವರ್ಷ ಕಡಿಮೆ ಬೀಳುತ್ತದೆ. ಈ ಒಂದು ವರ್ಷದ ಕೊರತೆಯನ್ನು ಯಾರೂ ಮುಂಚಿತವಾಗಿ ನಿಮಗೆ ಹೇಳುವುದಿಲ್ಲ, ಅರ್ಜಿ ತುಂಬುವಾಗ ಅದೇ ಎದುರಿಗೆ ನಿಲ್ಲುತ್ತದೆ.

ಆದರೆ ಅದೇ ನಿಯಮಾವಳಿಯಲ್ಲಿ ಇನ್ನೊಂದು ಖಂಡ, ಅಂದರೆ ಅರ್ಹತೆಯ ಇನ್ನೊಂದು ದಾರಿ, ಇದೆ. ಅಭ್ಯರ್ಥಿಯು ಪ್ರಥಮ ಮತ್ತು ದ್ವಿತೀಯ ಪಿಯುಸಿ ಎರಡನ್ನೂ ಕರ್ನಾಟಕದಲ್ಲೇ ಓದಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ವ್ಯಾಸಂಗ ಮಾಡಿದ್ದರೆ ಆಕೆ ಅರ್ಹಳಾಗುತ್ತಾಳೆ. ನೀವು ಎಲ್ಲಿ ಓದಿದಿರಿ?

ತುಂಗಾತೀರ

ಮೇಷ್ಟ್ರೇ, ತುಂಬಾ ಉಪಕಾರವಾಯಿತು. ನನ್ನ ಯಜಮಾನರು ಓದಿದ್ದೆಲ್ಲ ಪುಣೆಯಲ್ಲಿ. ನಾನು ಒಂದರಿಂದ ಹತ್ತರವರೆಗೆ ಇದೇ ತಾಲ್ಲೂಕಿನಲ್ಲಿ ಓದಿದವಳು, ಪಿಯುಸಿ ಶಿವಮೊಗ್ಗದಲ್ಲಿ. ಆದರೆ ನಾನು ಓದಿದ ಕಿರಿಯ ಪ್ರಾಥಮಿಕ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿ ಬಹಳ ವರ್ಷವಾಯಿತು.

ಲೆಕ್ಕದ ಮೇಷ್ಟ್ರು

ಹಾಗಾದರೆ ನಿಮ್ಮ ಓದೇ ಮಗಳಿಗೆ ದಾರಿ ಮಾಡಿಕೊಡುತ್ತದೆ. ಐದರಿಂದ ಹತ್ತು ಮತ್ತು ಪಿಯುಸಿಯ ಎರಡು ವರ್ಷ ಸೇರಿದರೇ ಎಂಟು ಆಗುವುದರಿಂದ ಮುಚ್ಚಿದ ಶಾಲೆಯ ದಾಖಲೆ ಇಲ್ಲದೆಯೂ ನಡೆದೀತು. ಆದರೂ ಆ ಶಾಲೆಯ ದಾಖಲಾತಿ ಪುಸ್ತಕ ಎಲ್ಲಿದೆ ಎಂದು ಬಿಇಒ ಕಚೇರಿಯಲ್ಲಿ ವಿಚಾರಿಸಿ. ಸಾಮಾನ್ಯವಾಗಿ ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಗೆ ಒಪ್ಪಿಸಿರುತ್ತಾರೆ. ಮಗಳ ನಾಲ್ಕು ವರ್ಷದ ವ್ಯಾಸಂಗ ಪ್ರಮಾಣಪತ್ರವನ್ನೂ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯಲ್ಲಿರುವ ಅವಳ ಸ್ಯಾಟ್ಸ್ ಸಂಖ್ಯೆಯನ್ನೂ ಈಗಲೇ ತೆಗೆದಿಟ್ಟುಕೊಳ್ಳಿ. ಐದು ವರ್ಷದ ನಂತರ ಆ ಶಾಲೆಯೂ ಇರುತ್ತದೆಂದು ಹೇಳಲಾಗದು.

ಬಯಲುಸೀಮೆಯ ಮುಖ್ಯೋಪಾಧ್ಯಾಯ

ಮೇಷ್ಟ್ರ ಮಾತಿಗೆ ಒಂದನ್ನು ಸೇರಿಸಬೇಕು. ಶಾಲೆಗೆ ಕಳಿಸಿ ಎಂದು ಉಪದೇಶ ಮಾಡಲು ಬಂದಿಲ್ಲ, ಕಾನೂನು ಹೇಳುತ್ತಿದ್ದೇನೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ, ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಆದರೆ ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೇ ತರಗತಿಯ ತನಕ ಮಾತ್ರ. ನಿಮ್ಮ ಮಗಳಿಗೆ 13. ಈ ಜೂನ್‌ನಲ್ಲಿ ಎಂಟಕ್ಕೆ ಸೇರಿಸಿದರೆ ಹಕ್ಕಿನಿಂದ ಸೇರಿಸುತ್ತೀರಿ. ಮುಂದಿನ ವರ್ಷ ಒಂಬತ್ತಕ್ಕೆ ಎಂದರೆ ಮುಖ್ಯೋಪಾಧ್ಯಾಯರ ಒಳ್ಳೆಯತನವನ್ನೂ ಇಲಾಖೆಯ ಅನುಮತಿಯನ್ನೂ ನೆಚ್ಚಿಕೊಳ್ಳಬೇಕಾಗುತ್ತದೆ. ಎಂಟು, ಒಂಬತ್ತು, ಹತ್ತು, ಪಿಯುಸಿ ಎರಡು, ಹಿಂದಿನ ನಾಲ್ಕು: ಒಂಬತ್ತು ವರ್ಷ ಅವಳ ಹೆಸರಿನಲ್ಲೇ ಆಯಿತು. ತಾಯಿಯ ಪ್ರಮಾಣಪತ್ರದ ಹಂಗೇ ಇರುವುದಿಲ್ಲ.

ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಮಾತ್ರ ಹೇಗೂ ಕೈತಪ್ಪಿದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷದ ಪ್ರಮಾಣಪತ್ರ ಬೇಕು. ಹಳ್ಳಿಯಲ್ಲೇ ಹುಟ್ಟಿ, ಹಳ್ಳಿಯಲ್ಲೇ ಕನ್ನಡದಲ್ಲಿ ಓದಿದ ಮಗುವಿಗೆ ಶೇ. 15ರ ಗ್ರಾಮೀಣ ಪಾಲೂ ಇಲ್ಲ, ಶೇ. 5ರ ಕನ್ನಡ ಮಾಧ್ಯಮದ ಪಾಲೂ ಇಲ್ಲ ಎನ್ನುವುದು ನನಗೇ ಕಸಿವಿಸಿಯಾಗುವ ಸಂಗತಿ. ಆದರೆ ನಿಯಮ ಇರುವುದು ಹಾಗೆ.

ಲೆಕ್ಕದ ಮೇಷ್ಟ್ರು

ಒಪ್ಪಿದೆ. ಒಂದು ಸಮಾಧಾನವೂ ಇದೆ. ಪಶುವೈದ್ಯಕೀಯ ಮತ್ತು ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆಂದು ಪ್ರತ್ಯೇಕ ಕೋಟಾ ಇದೆ. ಅದು ನೋಡುವುದು ತಂದೆತಾಯಿಯ ಬೇಸಾಯವನ್ನು, ಮಗು ಹತ್ತು ವರ್ಷ ಯಾವ ಶಾಲೆಯಲ್ಲಿತ್ತು ಎಂಬುದನ್ನಲ್ಲ. ತಹಶೀಲ್ದಾರರ ಪ್ರಮಾಣಪತ್ರ ಬೇಕು, ಮೇಲೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಕೊಟ್ಟಿಗೆಯಲ್ಲಿ ಬೆಳೆದ ಹುಡುಗಿಗೆ ಆ ಪರೀಕ್ಷೆ ಭಯ ಹುಟ್ಟಿಸಲಾರದು. ಇದೂ ಸರ್ಕಾರಿ ಸೀಟಿನೊಳಗಿನ ಪಾಲೇ ಆದ್ದರಿಂದ, ಏಳು ವರ್ಷದ ಅಥವಾ ತಾಯಿಯ ಖಂಡದ ಅರ್ಹತೆ ಮೊದಲು ಸಿದ್ಧಿಸಬೇಕು ಎಂಬುದನ್ನು ಮರೆಯದಿರಿ.

ಮನೆಯಲ್ಲೇ ಓದಿದವಳು

ಎಲ್ಲರೂ ಪಾಲಕರೇ ಮಾತನಾಡುತ್ತಿದ್ದೀರಿ, ಹಾಗೆ ಓದಿದವಳಾಗಿ ನಾನೂ ಬರೆಯುತ್ತೇನೆ. ನಾನು ಐದನೇ ತರಗತಿಯಿಂದ ಶಾಲೆಗೆ ಹೋದವಳಲ್ಲ. ಎನ್‌ಐಒಎಸ್‌ನಲ್ಲಿ ಹನ್ನೆರಡನೆಯದನ್ನು ಇತಿಹಾಸ, ಮನಶ್ಶಾಸ್ತ್ರ, ಅರ್ಥಶಾಸ್ತ್ರ, ಇಂಗ್ಲಿಷ್ ಮತ್ತು ಚಿತ್ರಕಲೆ ತೆಗೆದುಕೊಂಡು ಮುಗಿಸಿ, ಈಗ ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಮಾನವಿಕ ವಿಷಯಗಳಿಗೆ ಹೋಗುವವರಿಗೆ ಮೇಷ್ಟ್ರು ಹೇಳಿದ ಏಳು ವರ್ಷದ ತೊಡಕು ಬಾಧಿಸುವುದಿಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂತಹ ಕಡೆ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನದ ಮೇಲೆ ಆಯ್ಕೆಯಾಗುತ್ತದೆ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿರುವುದರಿಂದ, ಕಲಬುರಗಿಯದಾಗಲಿ ದೆಹಲಿಯದಾಗಲಿ, ಯಾವ ಮಂಡಳಿಯಲ್ಲಿ ಎಷ್ಟು ಧಾರಾಳವಾಗಿ ಅಂಕ ಕೊಟ್ಟರು ಎಂಬ ಹಳೆಯ ತಕರಾರೂ ಬಹುಮಟ್ಟಿಗೆ ಇಲ್ಲವಾಗಿದೆ. ವಿನ್ಯಾಸ ಕಲಿಸುವ ನಿಫ್ಟ್ ಕೂಡ ಐದು ವಿಷಯಗಳ ಎನ್‌ಐಒಎಸ್ ಪ್ರಮಾಣಪತ್ರವನ್ನು ಒಪ್ಪುತ್ತದೆ.

ಸಂದರ್ಶನದಲ್ಲಿ ಮನೆಯಲ್ಲಿ ಓದಿದ್ದು ನನಗೆ ಅನುಕೂಲವೇ ಆಯಿತು. ಯಾಕೆ ಓದಿದೆ, ಏನು ಓದಿದೆ ಎಂದು ಕೇಳಿದಾಗ ಹೇಳಲು ನನ್ನದೇ ಆದ ಸಂಗತಿಗಳಿದ್ದವು. ಕಷ್ಟವಾದದ್ದು ಬೇರೆ ಕಡೆ. ಮೂರು ಗಂಟೆ ಒಂದೇ ಕಡೆ ಕೂತು ಕೈಯಲ್ಲಿ ಬರೆಯುವ ಅಭ್ಯಾಸ ನನಗಿರಲಿಲ್ಲ. ಉತ್ತರ ಗೊತ್ತಿದ್ದೂ ಮೊದಲ ಪರೀಕ್ಷೆಯಲ್ಲಿ ಎರಡು ಪ್ರಶ್ನೆ ಬಿಟ್ಟು ಎದ್ದು ಬಂದೆ. ಎನ್‌ಐಒಎಸ್‌ನಲ್ಲಿ ಶೇ. 20ರಷ್ಟು ಅಂಕ ಮನೆಯಿಂದ ಬರೆದು ಸಲ್ಲಿಸುವ ಟಿಎಂಎ ನಿಬಂಧಗಳಿಗೆ ಇರುತ್ತದೆ, ಅದನ್ನು ಅನೇಕರು ಕಾಟಾಚಾರಕ್ಕೆ ಗೀಚಿ ಕೊಟ್ಟು ಕಳೆದುಕೊಳ್ಳುತ್ತಾರೆ. ಶಿಫಾರಸು ಪತ್ರ ಕೇಳುವ ಕಡೆ ಅಪ್ಪ ಅಮ್ಮ ಬರೆದದ್ದು ನಡೆಯುವುದಿಲ್ಲ. ನಾನು ವಾರಕ್ಕೆರಡು ದಿನ ಕೆಲಸ ಮಾಡುತ್ತಿದ್ದ ಗ್ರಂಥಾಲಯದವರು ಬರೆದುಕೊಟ್ಟರು. ತಂಗಿಗೆ ಈಗಿನಿಂದಲೇ ಊರಿನ ಪಶು ಆಸ್ಪತ್ರೆಯ ವೈದ್ಯರ ಜೊತೆ ಓಡಾಡಲು ಬಿಡಿ ಅಕ್ಕ. ಪ್ರವೇಶಕ್ಕೆ ಅದರಿಂದ ಅಂಕ ಬರುವುದಿಲ್ಲ, ಆದರೆ ಆಸೆ ಗಟ್ಟಿಯೋ ಇಲ್ಲವೋ ತಿಳಿಯುತ್ತದೆ.

ಜಯನಗರದ ತಂದೆ

ಎಂಜಿನಿಯರಿಂಗ್ ಕಡೆ ನೋಡುತ್ತಿರುವವರಿಗೆ ಒಂದು ಮಾತು. ಕೇಂದ್ರದ ತಾಂತ್ರಿಕ ಸಂಸ್ಥೆಗಳಾದ ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟು ತವರು ರಾಜ್ಯದವರಿಗೆ. ತವರು ರಾಜ್ಯವೆಂದರೆ ಹನ್ನೆರಡನೆಯದನ್ನು ಪಾಸು ಮಾಡಿದ ರಾಜ್ಯ, ಎನ್‌ಐಒಎಸ್ ವಿದ್ಯಾರ್ಥಿಗಾದರೆ ಅವನ ಅಧ್ಯಯನ ಕೇಂದ್ರ ಇರುವ ರಾಜ್ಯ. ಅಂದರೆ ಬೆಂಗಳೂರಿನ ಕೇಂದ್ರದಿಂದ ಬರೆದ ಮಗುವನ್ನು ಸುರತ್ಕಲ್‌ನ ಎನ್‌ಐಟಿಕೆ ಕರ್ನಾಟಕದವನೆಂದೇ ಎಣಿಸುತ್ತದೆ. ಕೇಂದ್ರದ ಸಂಸ್ಥೆಗೆ ಒಂದು ಪ್ರಮಾಣಪತ್ರ ಸಾಕು, ನಮ್ಮದೇ ರಾಜ್ಯಕ್ಕೆ ಏಳು ವರ್ಷದ ಲೆಕ್ಕ ಬೇಕು! ಆದರೆ ಎನ್‌ಐಟಿ, ಐಐಟಿಗಳಿಗೆ ಹನ್ನೆರಡನೆಯದರಲ್ಲಿ ಶೇ. 75 ಅಂಕ ಇರಬೇಕು, ಇಲ್ಲವೇ ಆಯಾ ಮಂಡಳಿಯ ಮೊದಲ 20 ಪರ್ಸೆಂಟೈಲ್‌ನಲ್ಲಿರಬೇಕು. ಪಾಸಾಗಲು 33 ಸಾಕೆಂದು ಎನ್‌ಐಒಎಸ್ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಂಡು, ಜೆಇಇಯಲ್ಲಿ ಒಳ್ಳೆಯ ರ‍್ಯಾಂಕ್ ಬಂದರೂ ಸೀಟು ಕಳೆದುಕೊಂಡವರಿದ್ದಾರೆ. ಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿಗೂ ಅರ್ಧ ಭಾರ ಹನ್ನೆರಡನೆಯದರ ಅಂಕಕ್ಕೇ ಇದೆ.

ಗಡಿನಾಡಿನವ

ನಮ್ಮದು ಕಾಸರಗೋಡು. ಗಡಿನಾಡ ಕನ್ನಡಿಗರ ಖಂಡದಲ್ಲಿ ಮನೆಯಲ್ಲಿ ಓದಿದ ಮಗನಿಗೆ ಅವಕಾಶವಿದೆಯೇ?

ಲೆಕ್ಕದ ಮೇಷ್ಟ್ರು

ಆ ಖಂಡಕ್ಕೂ ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳೇ ಆಧಾರ, ಅದರ ಮೇಲೆ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬೇರೆ. ಮನೆಯ ಓದು ಅಲ್ಲಿಯೂ ಎಣಿಕೆಗೆ ಬರುವುದಿಲ್ಲ.

ವೈದ್ಯಕೀಯದ ಆಕಾಂಕ್ಷಿಯ ತಾಯಿ

ನನ್ನ ಮಗ ಎನ್‌ಐಒಎಸ್‌ನಲ್ಲಿ ವಿಜ್ಞಾನ ಓದುತ್ತಿದ್ದಾನೆ, ನೀಟ್ ಬರೆಯುವವನಿದ್ದಾನೆ. ಮುಕ್ತ ಶಾಲೆಯವರಿಗೆ ಎಂಬಿಬಿಎಸ್ ಇಲ್ಲ ಎಂದು ಕೋಚಿಂಗ್ ಕೇಂದ್ರವೊಂದರಲ್ಲಿ ಈಗಲೂ ಹೇಳುತ್ತಿದ್ದಾರೆ.

ಲೆಕ್ಕದ ಮೇಷ್ಟ್ರು

ಅದು ಹಳೆಯ ಕಥೆ. ಭಾರತೀಯ ವೈದ್ಯಕೀಯ ಪರಿಷತ್ತಿನ 1997ರ ನಿಯಮಾವಳಿಯಲ್ಲಿ ಸೇರಿಸಿದ್ದ ಅಂತಹ ನಿರ್ಬಂಧವನ್ನು ದೆಹಲಿ ಹೈಕೋರ್ಟ್ 2018ರಲ್ಲಿ ತೆಗೆದುಹಾಕಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಮಾನ್ಯತೆ ಪಡೆದ ಮುಕ್ತ ಶಾಲೆಯವರು ಅರ್ಹರು ಎಂದು 2024ರಲ್ಲಿ ಇತ್ಯರ್ಥವಾಯಿತು. ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಶೇ. 15ರ ಅಖಿಲ ಭಾರತ ಪಾಲಿಗೆ ಯಾವ ರಾಜ್ಯದಲ್ಲಿ ಓದಿದರೂ ಸ್ಪರ್ಧಿಸಬಹುದು. ಉಳಿದ ರಾಜ್ಯದ ಪಾಲಿಗೆ ಬಂದಾಗ ಮತ್ತೆ ಅದೇ ಏಳು ವರ್ಷ. ನಿಮ್ಮ ಮಗ ಏಳನೇ ತರಗತಿಯ ತನಕ ಇಲ್ಲಿ ಶಾಲೆಗೆ ಹೋಗಿ, ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲಿಂದಲೇ ಪಾಸು ಮಾಡಿದರೆ ನಿಶ್ಚಿಂತೆಯಿಂದಿರಿ.

ಡಲ್ಲಾಸ್ ಕನ್ನಡತಿ

ನಾನು ಟೆಕ್ಸಸ್‌ನಲ್ಲಿದ್ದು ಇಬ್ಬರು ಮಕ್ಕಳನ್ನು ಮನೆಯಲ್ಲೇ ಓದಿಸಿದವಳು. ಅಂತರ್ಜಾಲದಲ್ಲಿ ಮನೆಶಾಲೆಯ ಬಗ್ಗೆ ಸಿಗುವ ಉತ್ಸಾಹದ ಬರಹಗಳಲ್ಲಿ ಬಹುಪಾಲು ಅಮೆರಿಕದವು, ಅವುಗಳನ್ನು ಓದಿ ಊರಿನ ಮಕ್ಕಳ ಭವಿಷ್ಯ ನಿರ್ಧರಿಸಬೇಡಿ ಎಂದು ಹೇಳಲಿಕ್ಕೆಂದೇ ಬರೆಯುತ್ತಿದ್ದೇನೆ. ಇಲ್ಲಿ ಮನೆಶಾಲೆಯನ್ನು ಖಾಸಗಿ ಶಾಲೆಯೆಂದೇ ಪರಿಗಣಿಸುತ್ತಾರೆ. ಸರ್ಕಾರಕ್ಕೆ ತಿಳಿಸುವ ಅಗತ್ಯವೂ ಇಲ್ಲ. ಅಂಕಪಟ್ಟಿಯನ್ನು ನಾನೇ ಬರೆದೆ, ಪದವಿ ಅರ್ಜಿಯಲ್ಲಿ ಶಾಲೆಯ ಸಲಹೆಗಾರರ ಜಾಗದಲ್ಲಿ ನಾನೇ ಸಹಿ ಮಾಡಿದೆ. ರಾಜ್ಯದ ವಿಶ್ವವಿದ್ಯಾಲಯಗಳು ಮನೆಯಲ್ಲಿ ಓದಿದವರನ್ನು ಉಳಿದವರಂತೆಯೇ ನಡೆಸಿಕೊಳ್ಳಬೇಕೆಂಬ ಕಾನೂನೇ ಇದೆ. ಮಗಳು ಹದಿನಾರಕ್ಕೇ ಸಮುದಾಯ ಕಾಲೇಜಿನಲ್ಲಿ ಎರಡು ವಿಷಯ ಓದಿ ಅಂಕ ತಂದಿದ್ದು ವಿಶ್ವವಿದ್ಯಾಲಯದವರಿಗೆ ನನ್ನ ಅಂಕಪಟ್ಟಿಗಿಂತ ಹೆಚ್ಚು ನಂಬಿಕೆ ಕೊಟ್ಟಿತು.

ಆದರೆ ಕುಟುಂಬ ಭಾರತಕ್ಕೆ ಮರಳುವುದಾದರೆ ನಾನು ಸಹಿ ಹಾಕಿದ ಆ ಡಿಪ್ಲೊಮಾ ಅಲ್ಲಿ ಹನ್ನೆರಡನೇ ತರಗತಿಗೆ ಸಮವೆನಿಸುವುದಿಲ್ಲ. ಹಾಗೆ ಮರಳುವ ಯೋಚನೆಯಿದ್ದ ನನ್ನ ಪರಿಚಯದವರು ಮಕ್ಕಳಿಗೆ ಬ್ರಿಟನ್ನಿನ ಕೇಂಬ್ರಿಜ್ ಮಂಡಳಿಯ, ಹನ್ನೆರಡನೆಯದಕ್ಕೆ ಸಮನಾದ ಎ ಲೆವೆಲ್ ಪರೀಕ್ಷೆ ಕಟ್ಟಿಸಿದರು.

ಜಯನಗರದ ತಂದೆ

ಕೇಂಬ್ರಿಜ್ ದಾರಿಯನ್ನು ನಾವೂ ನೋಡಿದ್ದೆವು. ಐಜಿಸಿಎಸ್‌ಇ ಎಂಬ ಹತ್ತನೆಯದರ ಹಂತದಲ್ಲಿ ಪ್ರಯೋಗಾಲಯದ ಬದಲು ಬರೆಯುವ ಪತ್ರಿಕೆಯನ್ನು ಆರಿಸಿಕೊಳ್ಳಬಹುದು, ಎ ಲೆವೆಲ್ ವಿಜ್ಞಾನಕ್ಕೆ ಆ ರಿಯಾಯಿತಿ ಇಲ್ಲ. ಖಾಸಗಿ ಅಭ್ಯರ್ಥಿಗೆ ಪ್ರಯೋಗಾಲಯ ಒದಗಿಸುವ ಶಾಲೆಯನ್ನು ಹುಡುಕುವುದೇ ದೊಡ್ಡ ಕೆಲಸ. ಖರ್ಚೂ ಹೆಚ್ಚು. ತೀರ್ಥಹಳ್ಳಿಯಲ್ಲಿ ಕುಳಿತು ಅದನ್ನು ಮಾಡಲು ನಾನಂತೂ ಹೇಳುವುದಿಲ್ಲ.

ಪ್ರವೇಶ ವಿಭಾಗದ ಗುಮಾಸ್ತ

ಧಾರವಾಡ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಪ್ರವೇಶದ ಕೆಲಸ ನೋಡುತ್ತೇನೆ. ಬಿ.ಎ., ಬಿ.ಕಾಂ., ಬಿ.ಎಸ್‌ಸಿ.ಗೆ ಎನ್‌ಐಒಎಸ್ ಮಕ್ಕಳು ಬಂದಾಗ ಕಿಟಕಿಯಲ್ಲೇ ವಾಪಸು ಕಳಿಸುವ ಘಟನೆಗಳು ನಡೆಯುತ್ತವೆ. ಅದಕ್ಕೆ ಕಾರಣ ನಿಯಮವಲ್ಲ, ಅಳುಕು. ಪಿಯುಸಿ ಬಿಟ್ಟು ಬೇರೆ ಮಂಡಳಿಯಿಂದ ಬಂದವರಿಗೆ ವಿಶ್ವವಿದ್ಯಾಲಯದಿಂದ ಅರ್ಹತಾ ಪ್ರಮಾಣಪತ್ರ ಬೇಕು. ಅದು ಬಾರದಿದ್ದರೆ ಪರೀಕ್ಷೆಯ ಹೊತ್ತಿಗೆ ಪ್ರವೇಶ ಅನುಮೋದನೆ ನಿಲ್ಲುತ್ತದೆ, ಹೊಣೆ ನಮ್ಮ ತಲೆಗೆ ಬರುತ್ತದೆ. ಹಾಗಾಗಿ ಅಂಕಪಟ್ಟಿಯ ಜೊತೆಗೆ ಎನ್‌ಐಒಎಸ್ ಕೊಡುವ ವಲಸೆ ಮತ್ತು ವರ್ಗಾವಣೆ ಪತ್ರದ ಮೂಲಪ್ರತಿಯನ್ನು ತಂದು, ಅರ್ಹತಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ ರಸೀದಿ ತೋರಿಸಿದರೆ ನಾವು ಮಾತನಾಡುವ ರೀತಿಯೇ ಬದಲಾಗುತ್ತದೆ. ಕಿಟಕಿಯಲ್ಲಿ ಆಗುವುದಿಲ್ಲ ಎಂದವರನ್ನು ದಾಟಿ ಪ್ರಾಂಶುಪಾಲರನ್ನು ಕಾಣಲು ಸಂಕೋಚ ಪಡಬೇಡಿ.

ಎನ್‌ಐಒಎಸ್ ಹತ್ತನೆಯದರಿಂದ ಪಿಯುಸಿಗೆ ಹೋಗುವಾಗಲೂ ಇದೇ ರೀತಿ. ಅಲ್ಲಿ ಅರ್ಹತಾ ಪತ್ರವನ್ನು ಪದವಿಪೂರ್ವ ಶಿಕ್ಷಣ ಇಲಾಖೆಯಿಂದ ಪಡೆಯಬೇಕು. ಮತ್ತೊಂದು ವಿಷಯ: ಎನ್‌ಐಒಎಸ್ ಹತ್ತನೆಯದರಲ್ಲಿ ಐದು ವಿಷಯಗಳನ್ನು ಇಷ್ಟದಂತೆ ಆರಿಸಿಕೊಳ್ಳಬಹುದಾದ್ದರಿಂದ ಗಣಿತ ಅಥವಾ ವಿಜ್ಞಾನವನ್ನು ಬಿಟ್ಟು ಪಾಸಾದ ಮಕ್ಕಳು ಬರುತ್ತಾರೆ, ಬಂದು ಪಿಯುಸಿ ವಿಜ್ಞಾನ ಕೇಳುತ್ತಾರೆ. ಅವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

ತುಂಗಾತೀರ

ಎಲ್ಲರ ಬರಹವನ್ನೂ ಮಗಳ ಜೊತೆ ಕೂತು ಓದಿದೆ. ಎಂಟಕ್ಕೆ ಶಾಲೆ ಸೇರುವ ವಿಷಯದಲ್ಲಿ ಅವಳಿಗೆ ಮನಸ್ಸಿಲ್ಲ. ಪಿಯುಸಿಗೆ ಕಾಲೇಜು ಸೇರಲು ಸಂತೋಷದಿಂದ ಒಪ್ಪಿದ್ದಾಳೆ, ಪ್ರಯೋಗಾಲಯ ಬೇಕೆಂದು ಅವಳೇ ಹೇಳುತ್ತಾಳೆ. ಹಾಗಾದರೆ ಹತ್ತನೆಯದನ್ನು ಎನ್‌ಐಒಎಸ್‌ನಲ್ಲಿ ಬರೆಯುವುದೋ, ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟುವುದೋ?

ಲೆಕ್ಕದ ಮೇಷ್ಟ್ರು

ಎರಡೂ ಸಾಧ್ಯ. ಎಸ್‌ಎಸ್‌ಎಲ್‌ಸಿ ಆದರೆ ಪಿಯು ಕಾಲೇಜಿನವರು ಮರುಪ್ರಶ್ನೆ ಕೇಳದೆ ತೆಗೆದುಕೊಳ್ಳುತ್ತಾರೆ, ಅರ್ಹತಾ ಪತ್ರದ ಓಡಾಟವಿಲ್ಲ. ಆದರೆ ಆರು ವಿಷಯಗಳನ್ನು, 625 ಅಂಕಗಳನ್ನು ಒಂದೇ ಉಸಿರಿನಲ್ಲಿ ಬರೆಯಬೇಕು. ಎನ್‌ಐಒಎಸ್‌ನಲ್ಲಿ 14 ತುಂಬಿದ್ದರೆ ಸಾಕು, ನೋಂದಣಿ ಐದು ವರ್ಷ ಊರ್ಜಿತದಲ್ಲಿರುತ್ತದೆ, ವಿಷಯಗಳನ್ನು ಬಿಡಿಬಿಡಿಯಾಗಿ ಮುಗಿಸಬಹುದು. ಮನೆಯಲ್ಲಿ ತನ್ನ ಗತಿಯಲ್ಲಿ ಓದಿದ ಮಗುವಿಗೆ ಅದೇ ಹಿತವೆಂದು ನನ್ನ ಅಭಿಪ್ರಾಯ. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಈ ಐದನ್ನೇ ಆರಿಸಿ. ಪರೀಕ್ಷೆ ವರ್ಷಕ್ಕೆರಡು ಸಲ, ಏಪ್ರಿಲ್ ಮೇನಲ್ಲಿ ಮತ್ತು ಅಕ್ಟೋಬರ್ ನವೆಂಬರ್‌ನಲ್ಲಿ. ಏಪ್ರಿಲ್‌ನದಕ್ಕೆ ಕಾದರೆ ಫಲಿತಾಂಶ ಬರುವಷ್ಟರಲ್ಲಿ ಪಿಯು ಪ್ರವೇಶ ಮುಗಿಯುತ್ತ ಬಂದಿರುತ್ತದೆ. ಅಕ್ಟೋಬರ್ ಸುತ್ತಿನಲ್ಲೇ ಐದನ್ನೂ ಮುಗಿಸುವ ಹಾಗೆ ಯೋಜಿಸಿ.

ಪಿಯುಸಿಯನ್ನು ಮಾತ್ರ ಖಾಸಗಿಯಾಗಿ ಕಟ್ಟುವ ಯೋಚನೆ ಬೇಡ. ವಿಜ್ಞಾನ ವಿಭಾಗಕ್ಕೆ ಆ ಅವಕಾಶವಿಲ್ಲ, ಮತ್ತು ತಾಯಿಯ ಖಂಡದಲ್ಲಿ ಅರ್ಹಳಾಗಲು ಎರಡು ವರ್ಷ ಕಾಲೇಜಿನಲ್ಲಿ ಓದಿರಲೇಬೇಕು. ಸರ್ಕಾರಿ ಪದವಿಪೂರ್ವ ಕಾಲೇಜಿನ ಪ್ರಾಂಶುಪಾಲರನ್ನು ಒಂದು ವರ್ಷ ಮೊದಲೇ ಹೋಗಿ ಮಾತನಾಡಿಸಿ ಬನ್ನಿ.

ತುಂಗಾತೀರ

ನಿನ್ನೆ ನನ್ನ ಪ್ರೌಢಶಾಲೆಗೆ ಹೋಗಿದ್ದೆ. ವ್ಯಾಸಂಗ ಪ್ರಮಾಣಪತ್ರ ಕೊಡಲು ಒಪ್ಪಿದ್ದಾರೆ. ಆದರೆ ಅವರ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು, ಮಗಳ ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು. ಇದು ತೊಂದರೆಯಾಗುವುದೇ?

ಲೆಕ್ಕದ ಮೇಷ್ಟ್ರು

ಆಗುತ್ತದೆ ತಾಯಿ, ಆದರೆ ಸರಿಪಡಿಸುವಂಥದ್ದೇ. ವ್ಯಾಸಂಗ ಪ್ರಮಾಣಪತ್ರದಲ್ಲಿ ಶಾಲೆಯ ಪುಸ್ತಕದಲ್ಲಿರುವ ಹಾಗೆಯೇ ಹೆಸರು ಬರಲಿ, ಅದನ್ನು ತಿದ್ದಿಸಲು ಹೋಗಬೇಡಿ. ಮೂರೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಮದುವೆ ನೋಂದಣಿ ಪತ್ರದ ಪ್ರತಿಯನ್ನು ಜೊತೆಗಿಡಿ. ಮಗಳ ಎನ್‌ಐಒಎಸ್ ಅರ್ಜಿಯಲ್ಲಿ ತಾಯಿಯ ಹೆಸರು ಬರೆಯುವಾಗ ಜನನ ಪ್ರಮಾಣಪತ್ರದಲ್ಲಿ ಇರುವ ಹಾಗೆಯೇ, ಒಂದಕ್ಷರವೂ ಹೆಚ್ಚು ಕಡಿಮೆಯಾಗದಂತೆ ಬರೆಯಿರಿ. ಪಿಯುಸಿಯ ಅಂಕಪಟ್ಟಿಗೂ ಸಿಇಟಿ ಅರ್ಜಿಗೂ ಅಲ್ಲಿಂದಲೇ ಹೆಸರು ಹೋಗುವುದು. ಬಿಇಒ ಕಚೇರಿಯ ಮೇಲುಸಹಿಗೆ ಮೇ ತಿಂಗಳ ಮೊದಲೇ ಹೋಗಿ. ಸಿಇಟಿ ಸಮಯದಲ್ಲಿ ಅಲ್ಲಿನ ಸರದಿ ಮೆಟ್ಟಿಲ ತನಕ ಇರುತ್ತದೆ.